ಕಮರಿಯ ಓಟ, ಊರಿನ ಓಟ

ಗುಡ್ಡದ ಕಾಲುದಾರಿಯಲ್ಲಿ ಓಡುವ ಹವ್ಯಾಸಕ್ಕೆ ಟ್ರೇಲ್ ರನ್ನಿಂಗ್ ಎಂಬ ಹೆಸರು ಈಗ ನಮ್ಮಲ್ಲೂ ರೂಢಿಯಾಗಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ವಾರಾಂತ್ಯ ಬಂತೆಂದರೆ ಬೆಂಗಳೂರಿನ ಎಷ್ಟೋ ಮಂದಿ ಬೆಟ್ಟದ ಕಡೆ ಹೊರಡುತ್ತಾರೆ. ಹೀಗೆ ಮೊದಲ ಸಲ ಡಾಂಬರು ಬಿಟ್ಟು ಮಣ್ಣಿಗಿಳಿಯುವವರಿಗೆ ಹಳಬರು ಓದಲು ಹೇಳುವ ಪುಸ್ತಕಗಳಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ 2009ರಲ್ಲಿ ಪ್ರಕಟಿಸಿದ ‘ಬಾರ್ನ್ ಟು ರನ್’ ಒಂದು. ಮೆಕ್ಸಿಕೊದ ತಾಮ್ರದ ಕಮರಿ ಮತ್ತು ಅಲ್ಲಿನ ರರಾಮುರಿ ಜನ ಜಗತ್ತಿನ ಓಟಗಾರರ ಬಾಯಲ್ಲಿ ಮನೆಮಾತಾದದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಅಂದಿನಿಂದ ಆ ಕಮರಿಯ ಬಗ್ಗೆ ಒಂದು ಚಿತ್ರ ಗಟ್ಟಿಯಾಗಿ ಕೂತಿದೆ: ನಾಗರಿಕತೆಯ ಸೋಂಕಿಲ್ಲದ ಒಂದು ಜನಾಂಗ, ಚಪ್ಪಲಿಯಲ್ಲೇ ನೂರಾರು ಮೈಲಿ ಓಡುವ ಹುಟ್ಟು ಓಟಗಾರರು, ಮನುಷ್ಯ ಮೂಲದಲ್ಲಿ ಹೇಗಿದ್ದನೆಂಬುದಕ್ಕೆ ಉಳಿದಿರುವ ಸಾಕ್ಷಿ. ಈ ಚಿತ್ರ ತಪ್ಪು ಎಂಬುದು ನನ್ನ ವಾದ. ಕಮರಿಯ ಓಟ ರಕ್ತದಲ್ಲಿ ಬಂದದ್ದಲ್ಲ, ಕಾಡಿನಲ್ಲಿ ತಾನಾಗಿ ಬೆಳೆದದ್ದೂ ಅಲ್ಲ. ದೂರದೂರಕ್ಕೆ ಚದುರಿ ಬಾಳಬೇಕಾಗಿ ಬಂದ ಜನ ತಮ್ಮನ್ನು ತಾವು ಒಂದು ಸಮಾಜವಾಗಿ ಹಿಡಿದಿಟ್ಟುಕೊಳ್ಳಲು ಕಟ್ಟಿಕೊಂಡ ವ್ಯವಸ್ಥೆ ಅದು. ಅಲ್ಲಿನ ನಾಲ್ಕು ಶತಮಾನಗಳ ಚರಿತ್ರೆ ಇದನ್ನೇ ಹೇಳುತ್ತದೆ, ಹೊರಗಿನವರು ಪ್ರತಿ ಸಲವೂ ಇದನ್ನೇ ಕಾಣದೆ ಹೋದರು.

ಮೊದಲು ನೆಲವನ್ನು ನೋಡಬೇಕು. ಮೆಕ್ಸಿಕೊದ ವಾಯವ್ಯದಲ್ಲಿ, ಚಿವಾವಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಪಶ್ಚಿಮ ಸಿಯೆರಾ ಮಾದ್ರೆ ಪರ್ವತಗಳನ್ನು ನದಿಗಳು ಕೊರೆದು ಆಳವಾದ ಕಮರಿಗಳ ಜಾಲವನ್ನೇ ಮಾಡಿವೆ. ಬಂಡೆಗಳ ಮೇಲಿನ ತಾಮ್ರದ ಕಿಲುಬಿನಂಥ ಹಸಿರು ಛಾಯೆಯಿಂದಾಗಿ ಅವಕ್ಕೆ ತಾಮ್ರದ ಕಮರಿಗಳೆಂಬ ಹೆಸರು ಬಂತು. ಇವುಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಉರಿಕೆ ನದಿಯ ಕಮರಿ, ಸುಮಾರು 1,800 ಮೀಟರ್. ಮೇಲಿನ ಅಂಚು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ; ಅಲ್ಲಿ ಪೈನ್ ಮತ್ತು ಓಕ್ ಮರಗಳು, ಚಳಿಗಾಲದಲ್ಲಿ ಹಿಮ. ತಳದಲ್ಲಿ ಮಾವು, ಕಿತ್ತಳೆ ಬೆಳೆಯುವ ಸೆಕೆಯ ನಾಡು. ಅಂಚಿನಿಂದ ತಳಕ್ಕೆ ಇಳಿಯುವ ಒಬ್ಬ ಮನುಷ್ಯ ಒಂದೇ ದಿನದಲ್ಲಿ ಎರಡು ಹವಾಮಾನಗಳನ್ನು ದಾಟುತ್ತಾನೆ. ಉಳಬಹುದಾದ ನೆಲವೆಂದರೆ ಇಲ್ಲೊಂದು ಅಂಗೈಯಗಲ, ಅಲ್ಲೊಂದು ಅಂಗೈಯಗಲ. ಹಾಗಾಗಿ ಇಲ್ಲಿ ಮನೆಗಳು ಒತ್ತಾಗಿ ಕೂಡಿದ ಊರುಗಳು ಬೆಳೆಯಲಿಲ್ಲ. ಎರಡು ಮನೆ, ನಾಲ್ಕು ಮನೆಗಳ ಒಕ್ಕಲುಗಳು ಒಂದರಿಂದ ಒಂದು ಗಂಟೆಗಟ್ಟಲೆ ನಡಿಗೆಯ ದೂರದಲ್ಲಿ ಹರಡಿಕೊಂಡವು. ಎಷ್ಟೋ ಕುಟುಂಬಗಳು ಬೇಸಿಗೆಯನ್ನು ಮೇಲಿನ ಬಯಲಿನಲ್ಲೂ ಚಳಿಗಾಲವನ್ನು ಕೆಳಗಿನ ಬೆಚ್ಚನೆಯ ಗವಿಗಳಲ್ಲೂ ಕಳೆಯುತ್ತಿದ್ದವು. ಮೆಕ್ಕೆಜೋಳದ ಹೊಲ ಒಂದು ಕಡೆ, ಆಡು ಮೇಯಿಸುವ ಇಳಿಜಾರು ಇನ್ನೊಂದು ಕಡೆ, ನೆಂಟರ ಮನೆ ಮತ್ತೊಂದು ಗುಡ್ಡದ ಆಚೆ. ಕಾಲುದಾರಿಗಳು ಹುಟ್ಟಿದ್ದು ಈ ಬದುಕಿನ ಓಡಾಟದಿಂದ. ಇಂದು ಹೊರಗಿನಿಂದ ಬಂದ ಓಟಗಾರನ ಕಣ್ಣಿಗೆ ಪ್ರಕೃತಿಯ ಕೊಡುಗೆಯಂತೆ ಕಾಣುವ ಆ ದಾರಿ, ತಲೆಮಾರುಗಳ ಹೆಣ್ಣು ಗಂಡುಗಳು ಹೊರೆ ಹೊತ್ತು ಸವೆಸಿದ ದಾರಿ.

ಚದುರಿ ಬಾಳುವುದಕ್ಕೆ ನೆಲದ ಸ್ವಭಾವವೊಂದೇ ಕಾರಣವಲ್ಲ. ಸ್ಪೇನಿನವರು ತಾರಾಉಮಾರಾ ಎಂದು ಕರೆದ ಈ ರರಾಮುರಿ ಜನರ ನಡುವೆ ಜೆಸ್ಯೂಟ್ ಪಾದ್ರಿಗಳು ಹದಿನೇಳನೆಯ ಶತಮಾನದ ಆರಂಭದಲ್ಲಿ ಕಾಲಿಟ್ಟರು. 1631ರಲ್ಲಿ ಪರ್ರಾಲ್‌ನಲ್ಲಿ ಬೆಳ್ಳಿ ಸಿಕ್ಕಿತು. ಗಣಿಗೆ ಆಳು ಬೇಕಾಯಿತು, ಆಳಿಗೆ ಅನ್ನ ಬೆಳೆಯುವ ಹೊಲ ಬೇಕಾಯಿತು. ಎರಡನ್ನೂ ಮೂಲನಿವಾಸಿಗಳಿಂದಲೇ ಬಲವಂತವಾಗಿ ಪಡೆಯಲಾಯಿತು. ಚದುರಿದ್ದ ಮನೆಗಳನ್ನು ಕಿತ್ತು ಇಗರ್ಜಿಯ ಸುತ್ತ ಒಂದೆಡೆ ಕೂರಿಸುವುದು ಪಾದ್ರಿಗಳ ಯೋಜನೆಯಾಗಿತ್ತು. ರರಾಮುರಿಗಳು 1648ರಿಂದ 1652ರವರೆಗೆ ಮತ್ತೆ ಮತ್ತೆ ದಂಗೆ ಎದ್ದರು. ಅವರ ಮುಂದಾಳು ತೆಪೊರಾಕಾನನ್ನು 1653ರಲ್ಲಿ ನೇಣಿಗೇರಿಸಲಾಯಿತು. ಶತಮಾನದ ಕೊನೆಯ ದಶಕದಲ್ಲಿ ಇನ್ನೊಂದು ಸುತ್ತಿನ ಬಂಡಾಯ, ಇನ್ನೊಂದು ಸುತ್ತಿನ ದಮನ. ಆ ಬಳಿಕ ಆಯುಧ ಹಿಡಿಯುವ ಬದಲು ದೂರ ಸರಿಯುವುದು ಅನೇಕರ ದಾರಿಯಾಯಿತು. ಕುದುರೆ ಸವಾರ ಬರಲಾರದ ಪಶ್ಚಿಮದ ದುರ್ಗಮ ಪ್ರದೇಶಗಳ ಕಡೆ ಅವರು ಹೆಚ್ಚು ಹೆಚ್ಚಾಗಿ ಸರಿದರು. ಆದ್ದರಿಂದ ಕಮರಿಯ ಬದುಕು ಹೊರಜಗತ್ತಿನ ಅರಿವೇ ಇಲ್ಲದವರ ಬದುಕಾಗಿರಲಿಲ್ಲ. ಅದನ್ನು ಚೆನ್ನಾಗಿ ಬಲ್ಲವರು, ಬಲ್ಲದ್ದರಿಂದಲೇ ಅದರಿಂದ ಇಷ್ಟು ದೂರ ಇರಬೇಕೆಂದು ಗೆರೆ ಎಳೆದುಕೊಂಡವರು ಅಲ್ಲಿದ್ದರು. ಆಡು, ಕುರಿ, ನೇಗಿಲುಗಳನ್ನು ಸ್ಪೇನಿನವರಿಂದಲೇ ಪಡೆದು ತಮ್ಮದಾಗಿಸಿಕೊಂಡವರು ಅವರು. ಇಗರ್ಜಿಯ ಹಬ್ಬಗಳನ್ನೂ ತಮ್ಮ ಕುಣಿತಕ್ಕೆ ಹೊಂದಿಸಿಕೊಂಡರು. ಅವರ ಓಟವನ್ನು ಕಾಲ ನಿಂತುಹೋದ ಆದಿಯುಗದ ಪಳೆಯುಳಿಕೆ ಎನ್ನುವವರು ಈ ನಾಲ್ಕು ಶತಮಾನಗಳನ್ನು ಅಳಿಸಿಹಾಕುತ್ತಾರೆ.

ಚದುರಿದವರು ಕೂಡುವುದು ಹೇಗೆ? ಇದೇ ಕಮರಿಯ ಸಮಾಜದ ಮೂಲ ಪ್ರಶ್ನೆ. ಮಾನವಶಾಸ್ತ್ರಜ್ಞ ಜಾನ್ ಕೆನೆಡಿ 1963ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಕೊಟ್ಟ ಉತ್ತರ ತೆಸ್ಗ್ವಿನೊ. ಮೊಳಕೆ ಬರಿಸಿದ ಮೆಕ್ಕೆಜೋಳವನ್ನು ಅರೆದು, ಕುದಿಸಿ, ಮಡಕೆಯಲ್ಲಿ ಹುಳಿ ಬರಿಸಿ ಮಾಡುವ ಪಾನೀಯ ಅದು. ಬಹಳ ದಿನ ಇಡಲು ಬರುವುದಿಲ್ಲ, ಮಾಡಿದ ಮೇಲೆ ಕೂಡಲೇ ಕುಡಿದು ಮುಗಿಸಬೇಕು. ಹೊಲದ ಕಳೆ ಕೀಳಬೇಕಾದವರು, ಬೇಲಿ ಕಟ್ಟಬೇಕಾದವರು ಮಡಕೆ ತುಂಬ ತೆಸ್ಗ್ವಿನೊ ಮಾಡಿ ಸುತ್ತಲಿನ ಒಕ್ಕಲುಗಳಿಗೆ ಹೇಳಿ ಕಳಿಸುತ್ತಾರೆ. ಬಂದವರು ಕೆಲಸ ಮಾಡುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ, ಮದುವೆಯ ಮಾತುಕತೆಯನ್ನೂ ಮುಗಿಸುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದರ ತಿರುಳು ಬೇಗ ಹಿಡಿಯುತ್ತದೆ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಒಬ್ಬ ರರಾಮುರಿ ವರ್ಷದಲ್ಲಿ ಕಡಿಮೆಯೆಂದರೂ ನೂರು ದಿನ ತೆಸ್ಗ್ವಿನೊಗೆ ಸಂಬಂಧಿಸಿದ ಕೆಲಸ ಕೂಟಗಳಲ್ಲಿ ತೊಡಗಿರುತ್ತಾನೆ ಎಂದು ಕೆನೆಡಿ ಅಂದಾಜು ಮಾಡಿದ್ದರು. ಅವರು ಗುರುತಿಸಿದ ಇನ್ನೊಂದು ಸಂಗತಿ ನಮ್ಮ ವಾದಕ್ಕೆ ಹೆಚ್ಚು ಮುಖ್ಯ. ಪ್ರತಿ ಮನೆಯ ಕೂಟದ ಬಳಗ ಅದರ ನೆರೆಮನೆಯ ಬಳಗಕ್ಕಿಂತ ತುಸು ಬೇರೆಯಾಗಿರುತ್ತದೆ. ಒಂದರ ಅಂಚು ಇನ್ನೊಂದರ ಮೇಲೆ ಹಾಯುತ್ತ, ಕಮರಿಯುದ್ದಕ್ಕೂ ಬಲೆ ನೇಯ್ದಂತೆ ಹರಡುತ್ತದೆ. ಈ ಬಲೆಗಿಂತ ದೊಡ್ಡ ಅಳತೆಯಲ್ಲಿ, ಒಂದು ಪ್ರದೇಶದ ಜನರನ್ನು ಇನ್ನೊಂದು ಪ್ರದೇಶದ ಜನರೊಡನೆ ಎದುರುಬದುರು ನಿಲ್ಲಿಸುವ ಸಂದರ್ಭವೇ ಓಟ.

ಆ ಓಟದ ಹೆಸರು ರರಾಹಿಪರಿ. ಮರದ ಗಟ್ಟಿ ಬೇರಿನಿಂದಲೋ ಗಂಟಿನಿಂದಲೋ ಕೆತ್ತಿದ, ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಚೆಂಡು. ಓಡುವವನು ಅದನ್ನು ಕೈಯಿಂದ ಮುಟ್ಟುವಂತಿಲ್ಲ. ಕಾಲ್ಬೆರಳುಗಳ ಮೇಲ್ಭಾಗವನ್ನು ಚೆಂಡಿನಡಿಗೆ ತೂರಿಸಿ ಮುಂದಕ್ಕೆ ಎತ್ತಿ ಎಸೆಯಬೇಕು. ಅದು ಬಿದ್ದಲ್ಲಿಗೆ ಇಡೀ ತಂಡ ಓಡಬೇಕು. ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ಕೋಲಿನಿಂದ ಬಿಡಿಸಿಕೊಳ್ಳಬಹುದು. ಎರಡು ತಂಡ, ಎರಡು ಚೆಂಡು. ಗೊತ್ತುಮಾಡಿದ ಎರಡು ಗುರುತುಗಳ ನಡುವೆ ಹೋಗಿ ಬರುವುದು ಒಂದು ಸುತ್ತು. ಸುತ್ತುಗಳ ಲೆಕ್ಕಕ್ಕೆ ಆರಂಭದ ಜಾಗದಲ್ಲಿ ಕಲ್ಲುಗಳ ಸಾಲು ಇಟ್ಟಿರುತ್ತಾರೆ, ಪ್ರತಿ ಸುತ್ತಿಗೊಂದು ಕಲ್ಲು ತೆಗೆಯುತ್ತಾರೆ. ದೊಡ್ಡ ಓಟಗಳು ಹಗಲು ಮುಗಿದು ರಾತ್ರಿಗೂ ಹೋಗುತ್ತವೆ. ಆಗ ರಾಳ ತುಂಬಿದ ಪೈನ್ ಸೀಳುಗಳ ಪಂಜು ಹಿಡಿದು ಊರಿನವರು ತಮ್ಮ ತಂಡದ ಜೊತೆ ಓಡುತ್ತಾರೆ. ಕೆಲವರು ನೀರು ಕೊಡುತ್ತಾರೆ, ಕೆಲವರು ಪಿನೋಲೆ, ಅಂದರೆ ಮೆಕ್ಕೆಜೋಳದ ಹುರಿಹಿಟ್ಟನ್ನು ನೀರಿನಲ್ಲಿ ಕಲಸಿ ಬಾಯಿಗೆ ಹಿಡಿಯುತ್ತಾರೆ. ಹೆಂಗಸರಿಗೆ ಅವರದೇ ಓಟವಿದೆ, ಅರಿವೇತೆ. ಅವರು ನಾರು ಅಥವಾ ಬಟ್ಟೆ ಸುತ್ತಿದ ಬಳೆಯನ್ನು ಕೋಲಿನಿಂದ ಎತ್ತಿ ಎಸೆಯುತ್ತ ಓಡುತ್ತಾರೆ. ಓಟಕ್ಕೆ ಮುಂಚೆ ಓವಿರುವಾಮೆ ಎಂಬ ವೈದ್ಯ ಓಡುವವರಿಗೆ ರಕ್ಷೆ ಕೊಡುತ್ತಾನೆ.

ಈ ಓಟದಲ್ಲಿ ಕಣ್ಣಿಗೆ ಮೊದಲು ಬೀಳುವುದು ಓಡುವವರ ಕಾಲು. ಆದರೆ ಓಟವನ್ನು ನಡೆಸುವುದು ಪಣ. ಎರಡೂ ಕಡೆ ಚೊಕೆಯಾಮೆ ಎಂಬ ಮುಖಂಡರಿರುತ್ತಾರೆ. ದಿನ ಗೊತ್ತುಮಾಡುವುದು, ಓಡುವವರನ್ನು ಆರಿಸುವುದು, ಪಣ ಕೂಡಿಸುವುದು ಅವರ ಕೆಲಸ. ಈ ಕಡೆಯವರು ಒಂದು ಕಂಬಳಿ ಇಟ್ಟರೆ ಆ ಕಡೆಯಿಂದ ಅದಕ್ಕೆ ಸಮನಾದ ಕಂಬಳಿ ಬರಬೇಕು. ಬಟ್ಟೆಗೆ ಬಟ್ಟೆ, ಹಣಕ್ಕೆ ಹಣ, ಆಡಿಗೆ ಆಡು. ಹೀಗೆ ಜೋಡಿ ಮಾಡಿ ಒಟ್ಟಿಗೆ ಕಟ್ಟಿಡುತ್ತಾರೆ. ಗೆದ್ದ ಕಡೆಯವರು ಜೋಡಿಯನ್ನೇ ಒಯ್ಯುತ್ತಾರೆ. ನಾರ್ವೆಯ ಅನ್ವೇಷಕ ಕಾರ್ಲ್ ಲುಮ್‌ಹೋಲ್ಟ್ಸ್ 1890ರ ದಶಕದಲ್ಲಿ ಇಲ್ಲಿ ಸುತ್ತಾಡಿ 1902ರಲ್ಲಿ ‘ಅನ್‌ನೋನ್ ಮೆಕ್ಸಿಕೊ’ ಎಂಬ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದಾಗ ಈ ಪಣದ ವಿವರಗಳನ್ನು ಬರೆದಿದ್ದರು. ಅವರು ಬರೆದದ್ದರಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಓಡಿದ ದೂರವನ್ನು, ಜಿಂಕೆಯನ್ನು ಸುಸ್ತಾಗುವವರೆಗೆ ಅಟ್ಟಿಸಿಕೊಂಡು ಹೋಗುವ ಬೇಟೆಯನ್ನು, ಕಾಗದ ಒಯ್ಯುವ ಓಟಗಾರರ ವೇಗವನ್ನು. ಪಣವಿಲ್ಲದೆ ಓಟವಿಲ್ಲ ಎಂಬ ಮಾತಿನ ಅರ್ಥವನ್ನು ಯಾರೂ ಹಿಡಿಯಲಿಲ್ಲ. ಓಡುವವರು ಬೆರಳೆಣಿಕೆಯಷ್ಟು, ಪಣ ಕಟ್ಟುವವರು ನೂರಾರು. ಓಟ ಮುಗಿಯುವ ಹೊತ್ತಿಗೆ ಒಂದು ಕಮರಿಯ ಬಟ್ಟೆಬರೆ, ಆಡು, ಧಾನ್ಯ ಇನ್ನೊಂದು ಕಮರಿಗೆ ಹೋಗಿರುತ್ತದೆ. ಮುಂದಿನ ಸಲ ಅದನ್ನು ಮರಳಿ ಗೆಲ್ಲಬೇಕೆಂಬ ಹಟ ಉಳಿದಿರುತ್ತದೆ. ಆ ಹಟವೇ ಮುಂದಿನ ಭೇಟಿಯ ದಿನವನ್ನು ನಿಶ್ಚಯಿಸುತ್ತದೆ. ವರ್ಷಕ್ಕೊಮ್ಮೆಯೂ ಮುಖ ನೋಡದೆ ಇರಬಹುದಾಗಿದ್ದ ಜನರನ್ನು ಸಾಲ ಮತ್ತು ಬಾಕಿಗಳ ನಂಟಿನಲ್ಲಿ ಕಟ್ಟಿಹಾಕುವ ಉಪಾಯ ಇದು.

ಇಪ್ಪತ್ತನೆಯ ಶತಮಾನದಲ್ಲಿ ಈ ಓಟವನ್ನು ಅದರ ಜಾಗದಿಂದ ಕಿತ್ತು ಬೇರೆಡೆ ನೆಡುವ ಯತ್ನಗಳು ಶುರುವಾದವು. ಆಗಷ್ಟೇ ಕ್ರಾಂತಿಯಿಂದ ಎದ್ದು ನಿಂತಿದ್ದ ಮೆಕ್ಸಿಕೊಗೆ ತನ್ನ ಮೂಲನಿವಾಸಿಗಳನ್ನು ಜಗತ್ತಿಗೆ ಹೆಮ್ಮೆಯಿಂದ ತೋರಿಸಬೇಕಿತ್ತು. ನವೆಂಬರ್ 1926ರಲ್ಲಿ ತೊಮಾಸ್ ಸಫಿರೊ ಮತ್ತು ಲಿಯೊನ್ಸಿಯೊ ಸ್ಯಾನ್ ಮಿಗೆಲ್ ಎಂಬ ಇಬ್ಬರು ರರಾಮುರಿಗಳು ಪಚೂಕಾದಿಂದ ಮೆಕ್ಸಿಕೊ ನಗರದವರೆಗಿನ 100 ಕಿಲೋಮೀಟರನ್ನು 9 ಗಂಟೆ 37 ನಿಮಿಷಗಳಲ್ಲಿ ಓಡಿದರು. ಮರುವರ್ಷ ಟೆಕ್ಸಾಸ್‌ನ ರಸ್ತೆಗಳ ಮೇಲೆ ಪ್ರದರ್ಶನ ಓಟ ನಡೆಯಿತು. ಆ ಉತ್ಸಾಹದಲ್ಲಿ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ಹೊಸೆ ತೊರ್ರೆಸ್ ಮತ್ತು ಔರೆಲಿಯೊ ತೆರ್ರಾಸಾಸ್ ಅವರನ್ನು ಕಳಿಸಲಾಯಿತು. ಚಿನ್ನ ಫ್ರಾನ್ಸ್ ಪರವಾಗಿ ಓಡಿದ ಅಲ್ಜೀರಿಯಾದ ಎಲ್ ವಾಫಿ ಅವರಿಗೆ ಹೋಯಿತು. ಮೆಕ್ಸಿಕೊದ ಇಬ್ಬರೂ ಪದಕದ ಹತ್ತಿರಕ್ಕೆ ಬರಲಿಲ್ಲ. 42 ಕಿಲೋಮೀಟರ್ ಅವರಿಗೆ ತೀರ ಕಡಿಮೆಯಾಯಿತು ಎಂಬ ವಿವರಣೆ ಆಗಿನಿಂದ ಚಾಲ್ತಿಯಲ್ಲಿದೆ. ಆ ವಿವರಣೆಯೂ ದೂರವನ್ನೇ ಲೆಕ್ಕ ಹಾಕುತ್ತದೆ. ಚೆಂಡಿಲ್ಲ, ಪಣವಿಲ್ಲ, ಜೊತೆಗೆ ಓಡುವ ಊರಿಲ್ಲ, ಬಾಯಿಗೆ ಪಿನೋಲೆ ಹಿಡಿಯುವ ಕೈಯಿಲ್ಲ. ಒಬ್ಬೊಬ್ಬನೂ ತನ್ನಷ್ಟಕ್ಕೆ ತಾನು ಓಡಬೇಕಾದ ಸಮತಟ್ಟಾದ ರಸ್ತೆ. ಆಮ್‌ಸ್ಟರ್‌ಡಾಮಿಗೆ ಹೋದದ್ದು ಓಟಗಾರರ ದೇಹ ಮಾತ್ರ. ಓಟಕ್ಕೆ ಬೇಕಾದ ಉಳಿದದ್ದೆಲ್ಲ ಚಿವಾವಾದಲ್ಲೇ ಉಳಿಯಿತು.

ಅರವತ್ತು ವರ್ಷಗಳ ಬಳಿಕ ಇದೇ ಕಥೆ ಅಮೆರಿಕದ ಕೊಲರಾಡೊದಲ್ಲಿ ಮರುಕಳಿಸಿತು, ಬೇರೆ ಮುಕ್ತಾಯದೊಂದಿಗೆ. ಲೆಡ್‌ವಿಲ್ 100 ಎಂಬುದು 1983ರಲ್ಲಿ ಶುರುವಾದ 100 ಮೈಲಿಯ ಪರ್ವತ ಓಟ. 1992ರಲ್ಲಿ ಅಲ್ಲಿಗೆ ಕರೆತಂದ ರರಾಮುರಿ ಓಟಗಾರರು ಯಾರೂ ಓಟ ಮುಗಿಸಲಿಲ್ಲ. ದಾರಿಯ ತಿನಿಸಿನ ಠಾಣೆಗಳಲ್ಲಿ ಇಟ್ಟದ್ದನ್ನು ತಾವಾಗಿ ಎತ್ತಿಕೊಳ್ಳಬಹುದೆಂದು ತಿಳಿಯದೆ, ಯಾರಾದರೂ ಕರೆದು ಕೊಡಲೆಂದು ಸಂಕೋಚದಿಂದ ನಿಂತಿದ್ದರು ಎಂದು ಹೇಳುವುದುಂಟು. ಊಟವೆಂದರೆ ಒಬ್ಬರು ಇನ್ನೊಬ್ಬರಿಗೆ ಕೊಡುವುದು ಎಂದು ಬೆಳೆದವರಿಗೆ ಅದು ಸಹಜ. ಮರುವರ್ಷ 55 ವರ್ಷದ ವಿಕ್ಟೊರಿಯಾನೊ ಚುರ್ರೊ ಅದೇ ಓಟವನ್ನು ಗೆದ್ದರು. 1994ರಲ್ಲಿ ಹುವಾನ್ ಹೆರೆರಾ 17 ಗಂಟೆ 30 ನಿಮಿಷಗಳಲ್ಲಿ ಮುಗಿಸಿ ಆ ಹಾದಿಯ ದಾಖಲೆ ಬರೆದರು. ಒಂದು ವರ್ಷದ ಅಂತರದಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಹಾದಿಯ ಪರಿಚಯ, ಓಟದ ಕಟ್ಟುಕಟ್ಟಳೆಯ ತಿಳಿವಳಿಕೆ. ದೇಹಗುಣವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು 1993ರ ಗೆಲುವನ್ನು ಎತ್ತಿ ಹಿಡಿಯುವಾಗ 1992ರ ಸೋಲನ್ನೂ ವಿವರಿಸಬೇಕಾಗುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಎತ್ತರದ ಪ್ರದೇಶದಲ್ಲಿ ತಲೆಮಾರುಗಳಿಂದ ಬಾಳಿದವರ ದೇಹದಲ್ಲಿ ಯಾವ ವಿಶೇಷವೂ ಇರದೆ ಹೋಗುತ್ತದೆಯೇ? ಎಲ್ಲವನ್ನೂ ಸಂಸ್ಕೃತಿಯ ಖಾತೆಗೆ ಹಾಕುವುದೂ ಒಂದು ಅತಿರೇಕವಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ವೈದ್ಯರು ಇದೇ ಪ್ರಶ್ನೆ ಹಿಡಿದು ಕಮರಿಗೆ ಹೋಗಿ ಹೃದಯದ ಬಡಿತ, ರಕ್ತದೊತ್ತಡಗಳನ್ನು ಅಳೆದರು. ಈ ಕಾಲದ ಸ್ಪಾರ್ಟಾದವರು ಎಂಬ ಬಿರುದು ಆ ಅಧ್ಯಯನಗಳ ಜೊತೆಯಲ್ಲೇ ಬಂತು. ಆದರೆ 1991ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯದೇ ಮಾತು ಹೇಳಿತು. 13 ರರಾಮುರಿಗಳಿಗೆ ಐದು ವಾರ ಸಿರಿವಂತ ದೇಶಗಳ ಕೊಬ್ಬಿನ ಊಟ ಕೊಟ್ಟು ನೋಡಿದಾಗ ಅವರ ರಕ್ತದ ಕೊಲೆಸ್ಟೆರಾಲ್ ಶೇಕಡಾ 31 ಏರಿತು, ತೂಕ ಶೇಕಡಾ 7 ಹೆಚ್ಚಿತು. ಮೆಕ್ಕೆಜೋಳ, ಹುರುಳಿಕಾಯಿ ಬೀಜ, ಕುಂಬಳಕಾಯಿಗಳ ಊಟ ಮತ್ತು ದಿನವಿಡೀ ನಡೆಯುವ ಬದುಕು ಕಾಪಾಡಿಕೊಂಡು ಬಂದಿದ್ದ ಆರೋಗ್ಯ ಅದು. ಬದುಕಿನ ರೀತಿ ಬದಲಾದರೆ ದೇಹವೂ ಎಲ್ಲರ ದೇಹದಂತೆಯೇ ಬದಲಾಗುತ್ತದೆ.

ಇದಕ್ಕಿಂತ ನೇರವಾದ ಸಾಕ್ಷಿ 2020ರಲ್ಲಿ ಬಂತು. ಹಾರ್ವರ್ಡ್‌ನ ಜೀವವಿಜ್ಞಾನಿ ಡೇನಿಯಲ್ ಲೀಬರ್‌ಮನ್ ‘ಕರೆಂಟ್ ಆಂಥ್ರೊಪಾಲಜಿ’ ಪತ್ರಿಕೆಯಲ್ಲಿ ಸಂಗಡಿಗರೊಡನೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ಸಹಲೇಖಕರಲ್ಲಿ ಒಬ್ಬರಾದ ಸಿಲ್ವಿನೊ ಕುಬೆಸಾರೆ ಕಿಮಾರೆ ಸ್ವತಃ ರರಾಮುರಿ ಓಟಗಾರ. ತಮ್ಮ ಕಾಲದಲ್ಲಿ ಹೆಸರು ಮಾಡಿದ್ದ, 50ರಿಂದ 90 ವರ್ಷದ ಹತ್ತು ಮಂದಿಯನ್ನು ಲೇಖಕರು ಕೂರಿಸಿ ಕೇಳಿದರು. ದೊರೆತ ಉತ್ತರಗಳು ಓಟದ ಪುಸ್ತಕಗಳ ಕಥೆಗೆ ಹೊಂದುವುದಿಲ್ಲ. ಓಟಕ್ಕೆಂದು ಪ್ರತ್ಯೇಕ ತಾಲೀಮು ಮಾಡುವ ರೂಢಿ ಇಲ್ಲ. ಕಸುವು ಬರುವುದು ಗುಡ್ಡ ಹತ್ತಿಳಿಯುವುದರಿಂದ, ಹೊಲದ ದುಡಿಮೆಯಿಂದ, ಕಟ್ಟಿಗೆ ಕಡಿಯುವುದರಿಂದ, ಹಿಂದೆ ಬೇಟೆಯಿಂದ, ರಾತ್ರಿಯಿಡೀ ನಡೆಯುವ ಕುಣಿತದಿಂದ. ತೀರ ದೂರ ಓಡುವವರು ಕೆಲವರೇ. ಉಳಿದವರು ನೋಡುತ್ತಾರೆ, ಪಣ ಕಟ್ಟುತ್ತಾರೆ, ಜೊತೆಗೊಂದಿಷ್ಟು ದೂರ ಓಡುತ್ತಾರೆ. ಓಡುವವರಿಗೂ ಸ್ನಾಯು ಹಿಡಿಯುತ್ತದೆ, ಕಾಲು ನೋಯುತ್ತದೆ. ಓಟ ಅವರಿಗೆ ಆಟವೂ ಹೌದು, ದೇವರಿಗೆ ಸಲ್ಲಿಸುವ ಪ್ರಾರ್ಥನೆಯೂ ಹೌದು, ಕುಣಿತವೂ ಹಾಗೆಯೇ. ನೋವು ಕಾಣದ, ದಣಿವರಿಯದ ಕಾಡುಮನುಷ್ಯ ಎಂಬ ಕಲ್ಪನೆ ಹೊರಗಿನವರ ಭ್ರಮೆ ಎಂದು ಲೇಖನ ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟುಗುಣ ಎಂದ ಕೂಡಲೇ ಆ ಮನುಷ್ಯರ ಶ್ರಮ, ಜಾಣ್ಮೆ, ಸಹನೆ, ಸಂಘಟನೆಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಹೊಗಳಿಕೆಯ ವೇಷದಲ್ಲಿ ಬರುವ ಅವಮಾನ ಅದು.

ಇದಕ್ಕೆ ವಿರುದ್ಧ ದಿಕ್ಕಿನಿಂದಲೂ ಒಂದು ಆಕ್ಷೇಪವಿದೆ. ಹುಟ್ಟು ಓಟಗಾರ ಎಂಬ ಮಿಥ್ಯೆಯನ್ನು ಒಡೆದು ಅದರ ಜಾಗದಲ್ಲಿ ಕೂಡಿ ಬಾಳುವ ಒಳ್ಳೆಯ ಜನ ಎಂಬ ಇನ್ನೊಂದು ಮಿಥ್ಯೆಯನ್ನು ಇಡುತ್ತಿಲ್ಲವೇ ಎಂದು ಕೇಳಬಹುದು. ಕಮರಿಯ ಬದುಕು ಸುಖದ ಬದುಕಲ್ಲ. ಮಳೆ ಕೈಕೊಟ್ಟ ವರ್ಷ ಹಸಿವು ಬರುತ್ತದೆ, ಆಸ್ಪತ್ರೆ ದೂರ, ಶಾಲೆ ದೂರ. ಪಣದಲ್ಲಿ ಬಟ್ಟೆಬರೆ ಕಳೆದುಕೊಂಡವರ ದುಃಖ ನಿಜವಾದ ದುಃಖ. ತೆಸ್ಗ್ವಿನೊ ಕೂಟಗಳಲ್ಲಿ ಜಗಳಗಳೂ ಆಗುತ್ತವೆಂದು ಕೆನೆಡಿಯವರೇ ಬರೆದಿದ್ದಾರೆ. ಇದನ್ನೆಲ್ಲ ಒಪ್ಪಿಯೂ ವಾದ ನಿಲ್ಲುತ್ತದೆ. ಒಂದು ವ್ಯವಸ್ಥೆ ಜನರನ್ನು ಕೂಡಿಸುತ್ತದೆ ಎಂದರೆ ಅದರಲ್ಲಿ ಕಹಿಯೇ ಇಲ್ಲವೆಂದು ಅರ್ಥವಲ್ಲ. ಕೊರತೆಯ ನಾಡಿನಲ್ಲಿ ಕೂಡುವುದು ಅಗತ್ಯವಾಗುತ್ತದೆ ಎಂದಷ್ಟೇ ಅರ್ಥ. ಇದ್ದವನು ಇಲ್ಲದವನಿಗೆ ಕೊಡಲೇಬೇಕೆಂಬ ಕೋರಿಮಾ ಎಂಬ ನಡಾವಳಿ ಹುಟ್ಟಿದ್ದು ಸಮೃದ್ಧಿಯಿಂದಲ್ಲ, ಯಾರ ಹೊಲ ಯಾವ ವರ್ಷ ಒಣಗುತ್ತದೆಂದು ಯಾರೂ ಹೇಳಲಾರದ ಸ್ಥಿತಿಯಿಂದ. ಇನ್ನು ಈ ಜನ ಬದಲಾವಣೆಗೆ ಹೊರತಾಗಿದ್ದಾರೆಂದೂ ನಾನು ಹೇಳುತ್ತಿಲ್ಲ. ಪುರಾತನವೆಂದು ಜಗತ್ತು ಕೊಂಡಾಡುವ ಅವರ ಚಪ್ಪಲಿಯನ್ನೇ ಹತ್ತಿರದಿಂದ ನೋಡಿ. ಅದರ ಅಟ್ಟೆ ಹಳೆಯ ಮೋಟಾರು ಟೈರಿನ ತುಂಡು. ಅದನ್ನು ಪಾದದ ಅಳತೆಗೆ ಕೊಯ್ದು, ಮೂರು ತೂತು ಕೊರೆದು, ಹೆಬ್ಬೆರಳ ಸಂದಿಯಿಂದ ಬಂದ ತೊಗಲಿನ ಬಾರನ್ನು ಹಿಮ್ಮಡಿಗೆ ಸುತ್ತಿ ಕಣಕಾಲಿಗೆ ಬಿಗಿಯುತ್ತಾರೆ. ರಸ್ತೆ, ಲಾರಿ ಬಂದ ಮೇಲೆ ಟೈರು ಬಂತು. ಚರ್ಮಕ್ಕಿಂತ ಬಾಳಿಕೆ ಬರುತ್ತದೆಂದು ಅವರು ಅದನ್ನು ಆರಿಸಿಕೊಂಡರು.

ಆದರೆ ಹೊರಜಗತ್ತಿಗೆ ಬೇಕಾದದ್ದು ಚಪ್ಪಲಿ ಮಾತ್ರ. 2009ರ ಬಳಿಕ ಬರಿಗಾಲಿನ ಅನುಭವ ಕೊಡುವ ತೆಳು ಅಟ್ಟೆಯ ಷೂಗಳ ಮಾರುಕಟ್ಟೆ ಭರದಿಂದ ಬೆಳೆಯಿತು. ಅಂಥ ಷೂಗಳಿಂದ ಪಾದ ಗಟ್ಟಿಯಾಗಿ ಗಾಯ ಕಡಿಮೆಯಾಗುತ್ತದೆಂದು ಜಾಹೀರಾತು ಮಾಡಿದ್ದ ವಿಬ್ರಮ್ ಕಂಪನಿ, ಅದಕ್ಕೆ ಆಧಾರವಿಲ್ಲವೆಂದು ಹೂಡಲಾದ ದಾವೆಯನ್ನು 2014ರಲ್ಲಿ, ತಪ್ಪೊಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರಿಗೆ ರಾಜಿಯಲ್ಲಿ ಮುಗಿಸಿಕೊಂಡಿತು. ಚಪ್ಪಲಿ ಒಂದು ಕಾಲಿನದಷ್ಟೇ ಅಲ್ಲ. ಆ ಕಾಲು ಬಾಲ್ಯದಿಂದ ನಡೆದ ದಾರಿಗಳದ್ದು. ದಾರಿಯನ್ನು ಬಿಟ್ಟು ಚಪ್ಪಲಿಯನ್ನು ಮಾತ್ರ ತಂದುಕೊಂಡ ಎಷ್ಟೋ ಮಂದಿ ಪಾದ ನೋಯಿಸಿಕೊಂಡರು.

ಕಮರಿಯ ಓಟವನ್ನು ಅದರ ಸಮಾಜದೊಡನೆಯೇ ಅರ್ಥಮಾಡಿಕೊಳ್ಳಲು ಹತ್ತಿರ ಬಂದ ಹೊರಗಿನವರಲ್ಲಿ ಮೈಕಾ ಟ್ರೂ ಮುಖ್ಯರು. ಲೆಡ್‌ವಿಲ್‌ನಲ್ಲಿ ರರಾಮುರಿಗಳ ಪರಿಚಯವಾಗಿ, ಬಳಿಕ ಕಮರಿಯಲ್ಲೇ ಬಹುಕಾಲ ಕಳೆದ ಈ ಅಮೆರಿಕನ್ನನನ್ನು ಅಲ್ಲಿಯವರು ಕಬಾಯೊ ಬ್ಲಾಂಕೊ, ಬಿಳಿ ಕುದುರೆ, ಎಂದು ಕರೆಯುತ್ತಿದ್ದರು. 2003ರಲ್ಲಿ ಅವರು ಉರಿಕೆಯಲ್ಲಿ ಸುಮಾರು 80 ಕಿಲೋಮೀಟರಿನ ಓಟ ಆರಂಭಿಸಿದರು. ರರಾಮುರಿಗಳನ್ನು ಹೊರಗೆ ಕರೆದೊಯ್ಯುವ ಬದಲು ಹೊರಗಿನವರನ್ನು ಅವರ ಹಾದಿಗೆ ಕರೆತರುವುದು ಅದರ ಕ್ರಮ. 2006ರಲ್ಲಿ ಅಮೆರಿಕದ ಪ್ರಸಿದ್ಧ ಓಟಗಾರ ಸ್ಕಾಟ್ ಜ್ಯೂರೆಕ್ ಅವರನ್ನು ಆರ್ನುಲ್ಫೊ ಕಿಮಾರೆ ಸೋಲಿಸಿದ್ದು ಇಲ್ಲೇ. ಈ ಓಟದಲ್ಲಿ ಹಾದಿ ಮುಗಿಸಿದವರಿಗೆ ಮೆಕ್ಕೆಜೋಳದ ಚೀಟಿ ಕೊಡುವುದು ರೂಢಿಯಾಯಿತು. ಹೊರಗಿನಿಂದ ಬಂದವರು ಎಷ್ಟೋ ಸಲ ತಮ್ಮ ಚೀಟಿಯನ್ನು ರರಾಮುರಿಗಳಿಗೆ ಕೊಟ್ಟುಬಿಡುತ್ತಿದ್ದರು. ಪಣದ ಓಟದಲ್ಲಿ ಧಾನ್ಯ ಕೈಬದಲಾಗುವ ಹಳೆಯ ರೀತಿಗೆ ಇದು ಹೊರಗಿನವರಿಂದ ಬಂದ ಉತ್ತರದಂತಿತ್ತು. ಟ್ರೂ 2012ರ ಮಾರ್ಚಿನಲ್ಲಿ ನ್ಯೂ ಮೆಕ್ಸಿಕೊದ ಹಿಲಾ ಕಾಡಿನಲ್ಲಿ ಒಂಟಿಯಾಗಿ ಓಡಲು ಹೋದವರು ಅಲ್ಲೇ ತೀರಿಕೊಂಡರು. ಓಟ ಮುಂದುವರಿಯಿತು. ಆದರೆ 2015ರಲ್ಲಿ ಮಾದಕವಸ್ತು ಗುಂಪುಗಳ ಹಿಂಸೆ ಉರಿಕೆಯ ಹೊಸ್ತಿಲಿಗೇ ಬಂದಾಗ, ನೂರಾರು ಓಟಗಾರರು ಕಮರಿಯಲ್ಲಿ ಸೇರಿರುವಾಗಲೇ ಸಂಘಟಕರು ಓಟವನ್ನು ಕೈಬಿಡಬೇಕಾಯಿತು.

ಈ ಹಿಂಸೆ ಓಟದ ಕಥೆಗೆ ಹೊರಗಿನ ಸಂಗತಿಯಲ್ಲ. ಅದೇ ಕಾಲುದಾರಿಗಳು ಅಫೀಮು, ಗಾಂಜಾ ಸಾಗಿಸುವವರಿಗೂ ಬೇಕು. ಬಡತನಕ್ಕೆ ಸಿಕ್ಕ ರರಾಮುರಿ ಯುವಕರನ್ನು ಗಡಿಯಾಚೆ ಹೊರೆ ಹೊರಲು ಬಳಸಿಕೊಳ್ಳುತ್ತಿದ್ದಾರೆಂದು 2012ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಮೇಲಿನ ಪೈನ್ ಕಾಡುಗಳಿಗೆ ಮರಕಳ್ಳರ ಕಾಟ. ಆ ಕಾಡು ಉಳಿಸಲು ಹೋರಾಡಿ 2005ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದ ರರಾಮುರಿ ಮುಂದಾಳು ಇಸಿದ್ರೊ ಬಾಲ್ದೆನೆಗ್ರೊ ಲೋಪೆಸ್ ಅವರನ್ನು 2017ರ ಜನವರಿಯಲ್ಲಿ ಗುಂಡಿಟ್ಟು ಕೊಂದರು. 2022ರ ಜೂನ್‌ನಲ್ಲಿ ಉರಿಕೆ ತಾಲ್ಲೂಕಿನ ಸೆರೊಕಾವಿ ಇಗರ್ಜಿಯಲ್ಲಿ, ದಶಕಗಳಿಂದ ಆ ಜನರ ನಡುವೆ ಬಾಳಿದ್ದ ಇಬ್ಬರು ವೃದ್ಧ ಜೆಸ್ಯೂಟ್ ಪಾದ್ರಿಗಳ ಕೊಲೆಯಾಯಿತು. 2017ರಲ್ಲಿ ಲೊರೆನಾ ರಾಮಿರೆಸ್ ಲಂಗ ಉಟ್ಟು, ಚಪ್ಪಲಿ ತೊಟ್ಟು ಪುಯೆಬ್ಲಾದ 50 ಕಿಲೋಮೀಟರ್ ಓಟ ಗೆದ್ದಾಗ ಜಗತ್ತಿನ ಪತ್ರಿಕೆಗಳೆಲ್ಲ ಆಕೆಯ ಉಡುಪಿನ ಬಗ್ಗೆ ಬರೆದವು. ಅದೇ ವರ್ಷ ಕೊಲೆಯಾದ ಬಾಲ್ದೆನೆಗ್ರೊ ಅವರ ಹೆಸರು ಎಷ್ಟು ಓಟಗಾರರಿಗೆ ಗೊತ್ತು?

ಕೊನೆಯ ಆಕ್ಷೇಪ ಸರಳವಾದದ್ದು, ಹೊಸಬರ ಬಾಯಲ್ಲಿ ಬರುವಂಥದ್ದು. ಬೆಟ್ಟದಲ್ಲಿ ಓಡುವ ಸಂತೋಷಕ್ಕಾಗಿ ಓಡುತ್ತೇವೆ, ಅದಕ್ಕೆ ಇಷ್ಟೆಲ್ಲ ಚರಿತ್ರೆ ಏಕೆ? ಸಂತೋಷಕ್ಕೆ ಯಾರ ಅಪ್ಪಣೆಯೂ ಬೇಡ, ನಿಜ. ಆದರೆ ಈ ಚರಿತ್ರೆ ಓಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಡಿದಾದ ಏರನ್ನು ನಡೆದೇ ಹತ್ತುವುದರಲ್ಲಿ ನಾಚಿಕೆಯಿಲ್ಲ, ಕಮರಿಯವರ ಕಸುವೇ ನಡಿಗೆಯಿಂದ ಬಂದದ್ದು. ಒಂದು ತಿಂಗಳಲ್ಲಿ ಷೂ ಬದಲಿಸಿ ಗಟ್ಟಿಗರಾಗಲು ಬರುವುದಿಲ್ಲ, ದಿನದ ಬದುಕಿನಲ್ಲೇ ದುಡಿಮೆ ಬೆರೆಯಬೇಕು. ಜೊತೆಗಾರರ ನೀರು, ಹಿಟ್ಟು, ಮಾತು ದೂರವನ್ನು ಕಡಿಮೆ ಮಾಡುತ್ತವೆ. ಕೊನೆಯವರು ಬರುವತನಕ ಕಾಯುವ ಗುಂಪಿನಲ್ಲಿ ಹೊಸಬರು ಉಳಿದುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ನಾವು ಓಡುವ ಯಾವ ಕಾಲುದಾರಿಯೂ ಯಾರದೂ ಅಲ್ಲದ ದಾರಿಯಲ್ಲ. ನಮ್ಮ ಮಲೆನಾಡಿನ ತೋಟದ ಹಾದಿಗಳನ್ನೂ ಕೂಲಿಗೆ ಹೋಗುವವರು, ದನ ಅಟ್ಟುವವರು, ಸೌದೆ ತರುವವರು ಸವೆಸಿದ್ದಾರೆ. ಅಂಥ ಹಾದಿಯಲ್ಲಿ ನಡೆಯುವ ಓಟಕ್ಕೆ ಸುತ್ತಲಿನ ಊರಿನವರು ಬರೀ ಚಪ್ಪಾಳೆ ತಟ್ಟುವವರಾಗಿ ಉಳಿಯಬಾರದು. ಓಟದ ದಿನವನ್ನು ಗೊತ್ತುಮಾಡುವುದರಲ್ಲಿ, ಅದರ ಆದಾಯದಲ್ಲಿ, ಅದರ ಗೌರವದಲ್ಲಿ ಅವರಿಗೆ ಪಾಲಿರಬೇಕು.

ಮೆಕ್ಸಿಕೊದ 2020ರ ಜನಗಣತಿಯಲ್ಲಿ ರರಾಮುರಿ ಭಾಷೆಯನ್ನು ಆಡುವವರು ಸುಮಾರು 90 ಸಾವಿರ ಮಂದಿ ಸಿಕ್ಕರು. ಗಣಿ, ಮತಪ್ರಚಾರ, ನೇಣು, ರೈಲು, ಪ್ರವಾಸೋದ್ಯಮ, ಬಂದೂಕುಗಳ ನಡುವೆಯೂ ಅವರು ಒಂದು ಜನವಾಗಿ ಉಳಿದಿರುವುದಕ್ಕೆ ಅವರ ಕೂಟ, ಕುಣಿತ, ಓಟಗಳ ಪಾಲು ದೊಡ್ಡದು. ಅವರು ಎಷ್ಟು ವೇಗವಾಗಿ ಓಡುತ್ತಾರೆಂದು ಕೇಳುತ್ತ ಜಗತ್ತು ನೂರು ವರ್ಷ ಕಳೆಯಿತು. ಅವರ ಕಾಡು, ನೀರು, ದಾರಿಗಳು ಅವರ ಕೈಯಲ್ಲಿ ಉಳಿಯುತ್ತವೆಯೇ ಎಂದು ಕೇಳುವುದು ಇನ್ನು ಮುಂದಾದರೂ ಓಟಗಾರರ ಕರ್ತವ್ಯ. ಅವು ಕೈತಪ್ಪಿದರೆ ಒಬ್ಬಿಬ್ಬರು ವೀರ ಓಟಗಾರರು ಎಲ್ಲಿಯಾದರೂ ಉಳಿದಾರು. ಊರಿಗೆ ಊರೇ ಸೇರಿ ಓಡುವ ಓಟ ಉಳಿಯಲಾರದು.